ಡಿಕ್ಕಿಯಲ್ಲೊಂದು ಹಂಚು

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಮಾಡು ಇಳಿಸಿದ್ದು ಈ ಸಲ ಬೇಸಿಗೆ ಶುರುವಾಗುವ ಮುಂಚೆ. ಪಕಾಸಿಗೆ ಗೆದ್ದಲು ಹಿಡಿದಿತ್ತು. ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ತಮ್ಮ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಸಿದ್ದಾನೆ. ಇಳಿಸಿದ ಹಂಚುಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಾಗ ನಾನು ಒಂದನ್ನು ಮಗುಚಿ ನೋಡಿದೆ. ಅಡುಗೆಮನೆ ಮೇಲಿದ್ದದ್ದು. ಹೊಗೆ ಕುಡಿದು ಕಪ್ಪಾಗಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಉಬ್ಬು ಅಕ್ಷರಗಳು ಎದ್ದವು. ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಅಂತ. ಜೊತೆಗೆ 1865.

"ನೋಡು, ನಿಮ್ಮಜ್ಜ ಹೇಳ್ತಿದ್ದದ್ದು ಸುಳ್ಳಲ್ಲ" ಅಂದಳು ಅಮ್ಮ. ಮನೆಗೆ ಬಂದವರಿಗೆಲ್ಲ ಅಜ್ಜ "ಇದು 1865ರ ಮನೆ" ಅಂತಲೇ ಹೇಳುತ್ತಿದ್ದರು. ನಾವೂ ಹಾಗೇ ನಂಬಿಕೊಂಡು ಬಂದಿದ್ದೆವು.

ಆ ಹಂಚನ್ನು ಕೈಯಲ್ಲಿ ಹಿಡಿದು ನಿಂತಾಗ ಒಂದು ವಿಷಯ ಮನಸ್ಸಿಗೆ ನಾಟಿತು. ಹುಟ್ಟಿದಾಗಿನಿಂದ ಇದರ ಕೆಳಗೇ ಮಲಗಿದ್ದೇನೆ. ಇದು ಎಲ್ಲಿಂದ ಬಂತು, ಯಾರು ಮಾಡಿದರು ಅಂತ ಒಂದು ದಿನವೂ ಕೇಳಿರಲಿಲ್ಲ. ಹಂಚು ಮಾತ್ರ ಅಲ್ಲ. ಬಚ್ಚಲುಮನೆಯ ಸೋಪು, ತೊಟ್ಟಿಲಿಗೆ ಕಟ್ಟುವ ಗಿಲಕಿ, ಓಟು ಹಾಕಿದ ಬೆರಳಿನ ಕಪ್ಪು ಗೆರೆ, ಶಾಲೆಯಲ್ಲಿ ಏರಿಸುವ ಬಾವುಟ. ಎಲ್ಲಾ ದಿನಾ ಕಣ್ಣೆದುರಿಗೆ ಇರುವಂಥವು. ಎಲ್ಲಾ ನಮ್ಮ ರಾಜ್ಯದಲ್ಲೇ ತಯಾರಾಗುವಂಥವು. ಒಂದು ಸುತ್ತು ಹೋಗಿ ನೋಡಿ ಬರೋಣ ಅನ್ನಿಸಿತು.

ಅಮ್ಮನನ್ನೂ ಕರೆದೆ. ಐವತ್ತು ವರ್ಷ ಬಾಳಿದ ಮನೆಯ ಗೋಡೆ ಕೆಡವುವುದನ್ನು ಅವಳು ನಿಂತು ನೋಡುವುದು ನನಗೆ ಬೇಡವಾಗಿತ್ತು. ಬೇಡ ಬೇಡ ಅಂದವಳು ಬೆಳಗ್ಗೆ ಎದ್ದು ನೋಡಿದರೆ ಸೀರೆ ಮಡಚಿ ಇಟ್ಟುಕೊಂಡಿದ್ದಳು. ಆ ಹಂಚನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಹಾಕಿದ್ದೂ ಅವಳೇ. "ಮಂಗಳೂರಿಗೆ ಹೋಗ್ತೀವಲ್ಲ, ತವರುಮನೆ ನೋಡಿಕೊಂಡು ಬರಲಿ" ಅಂದಳು.

ಮೊದಲ ದಿನ: ಹುಬ್ಬಳ್ಳಿ

ಶಿವಮೊಗ್ಗ, ಶಿಕಾರಿಪುರ, ಹಾವೇರಿ ದಾಟಿ ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ. ಊರಿನ ಒಂದು ಬದಿಗೆ ಬೆಂಗೇರಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿ. ಸಂಘ ಶುರುವಾಗಿದ್ದು 1957ರಲ್ಲಿ. ರಾಷ್ಟ್ರಧ್ವಜ ತಯಾರಿಸುವ ಘಟಕ ಬಂದದ್ದು ಬಹಳ ತಡವಾಗಿ, 2004ರಲ್ಲಿ.

ಧ್ವಜ ಅಂದರೆ ಮೂರು ಬಣ್ಣದ ಬಟ್ಟೆ ಜೋಡಿಸಿ ಹೊಲಿಯುವುದು ಅಂತ ನಾನು ಅಂದುಕೊಂಡಿದ್ದೆ. ಎಷ್ಟು ತಪ್ಪು! ಸ್ವತಂತ್ರ ಭಾರತದಲ್ಲಿ ವಸ್ತುಗಳ ಗುಣಮಟ್ಟಕ್ಕೆ ನಿಯಮ ಬರೆಯಲು ಕೂತಾಗ, ಸಿಮೆಂಟು, ಕಬ್ಬಿಣ ಎಲ್ಲಕ್ಕಿಂತ ಮೊದಲು ಬರೆದದ್ದು ಧ್ವಜದ ನಿಯಮ. 1951ರ ಭಾರತೀಯ ಮಾನಕ ಸಂಖ್ಯೆ 1. ಐಎಸ್‌ಐ ಗುರುತಿನ ಇಷ್ಟುದ್ದ ಪಟ್ಟಿಯಲ್ಲಿ ಒಂದನೇ ನಂಬರು ನಮ್ಮ ಬಾವುಟದ್ದು. ಬಟ್ಟೆಯ ತೂಕ, ಎಳೆ, ಬಣ್ಣ, ಹೊಲಿಗೆ, ಹಗ್ಗ, ಹಗ್ಗದ ತುದಿಗೆ ಸಿಕ್ಕಿಸುವ ಮರದ ತುಂಡು ಹೇಗಿರಬೇಕು ಅನ್ನುವುದೂ ಅದರಲ್ಲಿದೆ. ಒಂಬತ್ತು ಅಳತೆಗಳಿವೆ. ದೊಡ್ಡದು ಸುಮಾರು 21 ಅಡಿ ಉದ್ದ, 14 ಅಡಿ ಅಗಲ. ಚಿಕ್ಕದು ಮೇಜಿನ ಮೇಲೆ ಇಡುವಂಥದ್ದು, ಒಂದು ಗೇಣೂ ಇಲ್ಲ.

ಬಟ್ಟೆಯನ್ನು ಮೂರು ಪಾಲು ಮಾಡಿ ಕೇಸರಿಗೂ ಹಸಿರಿಗೂ ಬಣ್ಣ ಹಾಕಿಸುತ್ತಾರೆ. ಬಿಳಿಯ ಮೇಲೆ ಚಕ್ರ ಅಚ್ಚಾಗುತ್ತದೆ. ನನ್ನನ್ನು ನಿಲ್ಲಿಸಿದ್ದು ಆ ಚಕ್ರವೇ. ಹೊಲಿಗೆ ಕೋಣೆಯಲ್ಲಿ ಹೆಚ್ಚಾಗಿ ಹೆಂಗಸರೇ ಇದ್ದರು. ಒಬ್ಬರು ಬಿಳಿ ಪಟ್ಟಿಯನ್ನು ಕಿಟಕಿ ಬೆಳಕಿಗೆ ಎತ್ತಿ ಹಿಡಿದು ಅಮ್ಮನನ್ನು ಕರೆದರು.

"ಅವ್ವಾರ, ಇಲ್ಲಿ ಬರ್ರಿ. ಒಂದ್ ಕಡೆ ಅಚ್ಚ ಹಾಕಿದ್ರ ಮುಗೀತು ಅನ್ನಂಗಿಲ್ರಿ. ಹಿಂದ ಮುಂದ ಎರಡೂ ಕಡೆ ಒಂದರ ಮ್ಯಾಲೊಂದು ಕೂಡಬೇಕ್ರಿ. ಒಂದ್ ಕೂದಲೆಳಿ ಸರದ್ರೂ ನಡ್ಯಾಂಗಿಲ್ಲ."

ಬೆಳಕಿಗೆ ಹಿಡಿದಾಗ 24 ಗೆರೆಗಳೂ ಒಂದೇ ಕಡೆಯಿಂದ ಬರೆದ ಹಾಗೆ ಕಂಡವು. ಹಿಂದಿನದ್ದು ಯಾವುದು, ಮುಂದಿನದ್ದು ಯಾವುದು ಅಂತ ಗೊತ್ತಾಗಲಿಲ್ಲ. ಪರೀಕ್ಷೆಗೆ ಹೋದ ಧ್ವಜಗಳಲ್ಲಿ ಒಂದು ತಪ್ಪಿದರೂ ಆ ಕಂತು ಪೂರ್ತಿ ವಾಪಸ್ ಬರುತ್ತದೆ ಅಂತಲೂ ಅವರೇ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ.

2021ರ ಕೊನೆಗೆ ಧ್ವಜ ಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಮನೆಮನೆಗೆ ಧ್ವಜ ತಲುಪಲಿ ಅನ್ನುವುದು ಒಳ್ಳೆಯದೇ. ಆದರೆ ಚರಕದ ನೂಲು, ಮಗ್ಗದ ಬಟ್ಟೆ ಇಲ್ಲದ ಧ್ವಜ ನನ್ನ ಪಾಲಿಗೆ ಅರ್ಧ ಧ್ವಜ. ಆ ಕೋಣೆಯಲ್ಲಿ ಅರ್ಧ ಗಂಟೆ ನಿಂತ ಯಾರಿಗೂ ಹಾಗೇ ಅನ್ನಿಸುತ್ತದೆ. ನಾವು ಅಲ್ಲೇ ಒಂದು ಖಾದಿ ಬಾವುಟ ಕೊಂಡೆವು. ತಮ್ಮನ ಹೊಸ ಮನೆಗೆ.

ಎರಡನೇ ದಿನ: ದಾರಿ

ಹುಬ್ಬಳ್ಳಿಯಿಂದ ಬೆಂಗಳೂರು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು. ಅಮ್ಮ ತುಮಕೂರು ಬರುವವರೆಗೂ ನಿದ್ದೆ ಮಾಡಿದಳು. ಬರೆಯುವಂಥದ್ದು ಇನ್ನೇನೂ ಇಲ್ಲ.

ಮೂರನೇ ದಿನ: ಬೆಂಗಳೂರು, ಚನ್ನಪಟ್ಟಣ, ಮದ್ದೂರು

ಬೆಂಗಳೂರಿನಲ್ಲಿ ಒಂದು ಮೆಟ್ರೋ ನಿಲ್ದಾಣಕ್ಕೆ ಸೋಪಿನ ಹೆಸರಿದೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ದಿನಾ ಸಾವಿರಾರು ಜನ ಅಲ್ಲಿ ಇಳಿಯುತ್ತಾರೆ, ಹತ್ತುತ್ತಾರೆ. ನಾನೂ ಬೆಂಗಳೂರಿನಲ್ಲಿದ್ದಾಗ ಎಷ್ಟೋ ಸಲ ಇಳಿದಿದ್ದೇನೆ. ಆ ಸೋಪು ಹುಟ್ಟಲು ಒಂದು ಮಹಾಯುದ್ಧ ಕಾರಣ ಅಂತ ಮಾತ್ರ ಗೊತ್ತಿರಲಿಲ್ಲ.

ಮೈಸೂರು ಸಂಸ್ಥಾನದ ಗಂಧದ ಮರ ಮೊದಲು ತುಂಡುಗಳಾಗಿಯೇ ಹಡಗು ಹತ್ತಿ ಯೂರೋಪಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಅಲ್ಲಿ, ಅದರಲ್ಲೂ ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾಯಿತು. ಹಡಗು ನಿಂತವು. ಗಂಧದ ಕೊರಡು ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಬೇರೆಯವರಿಗೆ ಕೊರಡು ಮಾರುವ ಬದಲು ನಾವೇ ಎಣ್ಣೆ ತೆಗೆದರೇನು ಅಂತ ಯೋಚಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಣ್ಣೆ ಇಳಿಸುವ ಪ್ರಯೋಗ ನಡೆಯಿತು. ಅದು ಗೆದ್ದಿತು. ಆಮೇಲೆ ಎಣ್ಣೆಯಿಂದ ಸೋಪು. ಸೋಪಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿ ಎನ್ನುವ ತರುಣ ವಿಜ್ಞಾನಿಯನ್ನು ಇಂಗ್ಲೆಂಡಿಗೆ ಕಳಿಸಿದರು. ಬಂದವರೇ ಅವರು ಗಂಧದೆಣ್ಣೆಯ ಪರಿಮಳದ ಸೋಪು ಮಾಡಿಕೊಟ್ಟರು.

ಪೊಟ್ಟಣದ ಮೇಲಿನ ಗುರುತನ್ನು ಅಮ್ಮ ಇಷ್ಟು ವರ್ಷ ಆನೆ ಅಂದುಕೊಂಡಿದ್ದಳು. ಅದು ಶರಭ. ಸಿಂಹದ ಮೈ, ಆನೆಯ ತಲೆ. ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡು ಕಾರಿನಲ್ಲಿ ಕೂತು ತಿರುಗಿಸಿ ತಿರುಗಿಸಿ ನೋಡಿದಳು. "ಕಾಲು ನೋಡು, ಪಂಜ ಇದೆ! ಆನೆಗೆ ಎಲ್ಲಿ ಪಂಜ?" ಅಂದಳು.

ಗಂಧದ ಮರದ ಬಗ್ಗೆ ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದು. ಅದು ಒಂಟಿಯಾಗಿ ಬೆಳೆಯುವುದಿಲ್ಲ. ಅದರ ಬೇರು ಮಣ್ಣಿನೊಳಗೆ ಅಕ್ಕಪಕ್ಕದ ಗಿಡಗಳ ಬೇರು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ, ನೀರು ಮತ್ತು ಪೋಷಣೆಯನ್ನು ಅಲ್ಲಿಂದಲೂ ಹೀರುತ್ತದೆ. ಗಂಧದ ಸಸಿ ನೆಡುವವರು ಪಕ್ಕದಲ್ಲಿ ಇನ್ನೊಂದು ಗಿಡ ನೆಟ್ಟೇ ನೆಡುತ್ತಾರೆ.

ಮಧ್ಯಾಹ್ನ ಚನ್ನಪಟ್ಟಣ. ಹೆದ್ದಾರಿ ಹೊಸದಾದ ಮೇಲೆ ಜಾಸ್ತಿ ಗಾಡಿಗಳು ಊರಿನೊಳಗೆ ಬರುವುದೇ ಇಲ್ಲ. ನಾವು ಬೇಕಂತಲೇ ಇಳಿದು ಹಳೇ ರಸ್ತೆ ಹಿಡಿದೆವು. ಒಂದು ಓಣಿಯಲ್ಲಿ ಮನೆಯ ಮುಂಭಾಗವೇ ಕಾರ್ಖಾನೆ. ವಯಸ್ಸಾದ ಒಬ್ಬರು ಸಣ್ಣ ಮೋಟಾರಿನ ಯಂತ್ರದ ಮುಂದೆ ಕೂತಿದ್ದರು. "ಬನ್ನಿ ಅಮ್ಮಾ, ಕೂತ್ಕೊಳ್ಳಿ, ಈಗ ಒಂದು ಗಿಲಕಿ ಹಿಡೀತೀನಿ" ಅಂದರು.

ಮರ ಆಲೆಮರ. ಬೆಳ್ಳಗೆ, ಮೆದುವಾಗಿ, ಗಂಟಿಲ್ಲದೆ ಇರುತ್ತದೆ. ತಿಂಗಳುಗಟ್ಟಲೆ ಒಣಗಿಸಿದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿದರು. ಅದು ಗಿರ್ರಂತ ತಿರುಗಲು ಶುರುವಾದಾಗ ಉಳಿ ಹಿಡಿದರು. ಬಿಳಿ ಸಿಪ್ಪೆ ಉಂಗುರ ಉಂಗುರವಾಗಿ ಅವರ ಮಡಿಲಿಗೆ ಬಿತ್ತು. ಎರಡು ನಿಮಿಷದಲ್ಲಿ ಗಿಲಕಿಯ ಹೊಟ್ಟೆ, ಕತ್ತು, ಹಿಡಿಕೆ ಎದ್ದು ನಿಂತವು. ಆಮೇಲೆ ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ. ಬೆರಳು ಗಾತ್ರದ ಕೆಂಪು ಕಡ್ಡಿ ಒಂದನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು ಅಷ್ಟೆ. ಉಜ್ಜಿದ ಬಿಸಿಗೆ ಕಡ್ಡಿ ಕರಗಿ ಮರಕ್ಕೆ ಕೆಂಪು ಅಂಟುತ್ತಾ ಹೋಯಿತು. ಮೊದಲು ಅಲ್ಲಲ್ಲಿ ತೇಪೆ ಹಾಕಿದ ಹಾಗಿತ್ತು. ಅವರು ಕೇದಗೆ ಜಾತಿಯ ಒಂದು ಒಣ ಗರಿಯನ್ನು ಮಡಚಿ ಮೇಲೆ ಒತ್ತಿದರು. ತೇಪೆಗಳೆಲ್ಲ ಒಂದಕ್ಕೊಂದು ಸೇರಿ, ಒಂದೇ ಸಲಕ್ಕೆ ಹೊಳಪು ಬಂತು. ಗಾಜಿನ ಹಾಗೆ. ಕಿಟಕಿಯ ಸರಳುಗಳು ಗಿಲಕಿಯ ಹೊಟ್ಟೆಯಲ್ಲಿ ಬಾಗಿಕೊಂಡು ಕಾಣುತ್ತಿದ್ದವು.

ಆ ಕಡ್ಡಿ ಅರಗು. ಮುತ್ತುಗ, ಬೋರೆಯಂಥ ಮರದ ರೆಂಬೆಗಳ ಮೇಲೆ ಕೂತು ರಸ ಹೀರುವ ಒಂದು ಪುಟ್ಟ ಹುಳ ತನ್ನ ಮೈಮೇಲೆ ಕಟ್ಟಿಕೊಳ್ಳುವ ಅಂಟು. ಈಗ ದೇಶದಲ್ಲಿ ಅರಗು ಹೆಚ್ಚಾಗಿ ಬರುವುದು ಜಾರ್ಖಂಡ್ ಕಡೆಯಿಂದ. ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲದ ಬಣ್ಣ ಅನ್ನುವುದಕ್ಕೆ ಈ ಹುಳದ ಅಂಟೇ ಕಾರಣ. ಅರಿಶಿನ, ನೀಲಿಯಂಥ ಗಿಡದ ಬಣ್ಣವನ್ನು ಇದರಲ್ಲಿ ಕಲಸಿ ಕಡ್ಡಿ ಮಾಡುತ್ತಾರೆ.

"ಪಾಂಡವರ ಅರಗಿನ ಮನೆ ಇದರದ್ದೇನಾ?" ಅಂತ ಅಮ್ಮ ಕೇಳಿದಳು.

"ಅದೇ ಅರಗು ಅಮ್ಮಾ" ಅಂದರು ಅವರು. ಕಡ್ಡಿಯ ತುದಿಗೆ ಬೆಂಕಿಕಡ್ಡಿ ಹಿಡಿದು ತೋರಿಸಿದರು. ಚುರ್ ಅಂತ ಹತ್ತಿಕೊಂಡಿತು. ದುರ್ಯೋಧನ ಯಾಕೆ ಅರಗಿನ ಮನೆಯನ್ನೇ ಕಟ್ಟಿಸಿದ ಅಂತ ನನಗೆ ಆ ಕ್ಷಣ ಅರ್ಥವಾಯಿತು. ಚಿಕ್ಕಂದಿನಿಂದ ಕೇಳಿದ ಕಥೆ, ಆ ಉರಿ ಕಣ್ಣಾರೆ ನೋಡಿದ್ದು ಆವತ್ತೇ.

ಈ ಕಸುಬನ್ನು ಟಿಪ್ಪು ಸುಲ್ತಾನ್ ಪರ್ಶಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿ ಕಲಿಸಿದ ಅಂತ ಊರಿನವರು ಹೇಳುತ್ತಾರೆ. ಬವಾಸ್ ಮಿಯಾನ್ ಅವರನ್ನು ಇಲ್ಲಿ ಈಗಲೂ ಗೌರವದಿಂದ ನೆನೆಯುತ್ತಾರೆ. ಜಪಾನಿನ ಆಟಿಕೆ ಮಾಡುವ ವಿಧಾನವನ್ನು ಚನ್ನಪಟ್ಟಣಕ್ಕೆ ತಂದವರು ಅವರು. ಅಂದರೆ ನಮ್ಮ ಮನೆಯ ತೊಟ್ಟಿಲಿಗೆ ಕಟ್ಟಿದ್ದ ಗಿಲಕಿಯಲ್ಲಿ ಪರ್ಶಿಯಾ ಇತ್ತು, ಜಪಾನ್ ಇತ್ತು, ಯಾವುದೋ ಕಾಡಿನ ಹುಳವೂ ಇತ್ತು.

ಸಂಜೆ ಮದ್ದೂರಿನಲ್ಲಿ ವಡೆ ತಿಂದೆವು. ಅದರ ಕಥೆಯೂ ಚೆನ್ನಾಗಿದೆ. ಸುಮಾರು 1917ರ ಹೊತ್ತಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಅವರು ತಿಂಡಿ ಮಾರುತ್ತಿದ್ದರು. ಒಂದು ದಿನ ಪಕೋಡ ಕರಿದು ಮುಗಿಯುವ ಮೊದಲೇ ರೈಲು ಬಂದುಬಿಟ್ಟಿತಂತೆ. ಅವಸರಕ್ಕೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದೇ ಮದ್ದೂರು ವಡೆ. ಅಮ್ಮ ವಡೆ ಮುರಿದು ಒಳಗಿನ ಈರುಳ್ಳಿ ನೋಡಿ ತಲೆಯಾಡಿಸಿದಳು. "ಹೌದು, ಇದು ಪಕೋಡದ ಹಿಟ್ಟೇ" ಅಂದಳು. ಐವತ್ತು ವರ್ಷ ಅಡುಗೆ ಮಾಡಿದವಳ ಮಾತು. ನಾನು ಕಥೆಯನ್ನು ಪೂರ್ತಿ ನಂಬಿದ್ದು ಆಗಲೇ.

ನಾಲ್ಕನೇ ದಿನ: ಮೈಸೂರು

ಪಂಚಾಯ್ತಿ ಎಲೆಕ್ಷನ್ ಮುಗಿದು ಎರಡು ತಿಂಗಳಾಗಿತ್ತು. ಅಮ್ಮನ ಎಡಗೈ ತೋರುಬೆರಳಿನ ಚರ್ಮದಲ್ಲಿ ಏನೂ ಉಳಿದಿರಲಿಲ್ಲ. ಆದರೆ ಉಗುರಿನ ಮೇಲ್ಭಾಗದಲ್ಲಿ ಒಂದು ಕಪ್ಪು ಪಟ್ಟಿ ಇನ್ನೂ ಇತ್ತು. ಬುಡದಲ್ಲಿ ಉಗುರು ಹೊಸದಾಗಿ ಬಂದಷ್ಟು ಜಾಗ ತಿಳಿಗುಲಾಬಿ. ಆ ಶಾಯಿ ತಯಾರಾಗುವ ಊರಿಗೇ ಅದನ್ನು ಹಚ್ಚಿಸಿಕೊಂಡ ಬೆರಳು ಬಂದಿತ್ತು.

ಬನ್ನಿಮಂಟಪದ ಕಡೆ ಇರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯನ್ನು ನಾವು ಹೊರಗಿನಿಂದಲೇ ನೋಡಿದೆವು. ಮರಗಳ ನೆರಳು, ಒಂದು ಗೇಟು, ಒಂದು ಬೋರ್ಡು. ದೇಶದ ಲೋಕಸಭೆ, ವಿಧಾನಸಭೆ ಚುನಾವಣೆಗಳ ಶಾಯಿ ಇಲ್ಲಿಂದಲೇ ಹೋಗುತ್ತದೆ. ಕಾಂಬೋಡಿಯಾ, ನೇಪಾಳ, ದಕ್ಷಿಣ ಆಫ್ರಿಕಾದಂಥ ದೇಶಗಳಿಗೂ ಹೋಗಿದೆ.

ಇದರ ಮೊದಲ ಹೆಸರು ಓದಿದಾಗ ನಾನು ಕೂತಲ್ಲೇ ನೆಟ್ಟಗಾದೆ. 1937ರಲ್ಲಿ ನಾಲ್ವಡಿಯವರು ಇದನ್ನು ಶುರು ಮಾಡಿದಾಗ ಇದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು! ಹಿಂದಿನ ದಿನ ಚನ್ನಪಟ್ಟಣದಲ್ಲಿ ಕೆಂಪಾಗಿ ಕರಗಿದ್ದ ಅದೇ ಅರಗು. ಅರಗಿನಿಂದ ವಾರ್ನಿಷು, ಬಣ್ಣ, ಲಕೋಟೆಗೆ ಒತ್ತುವ ಮುದ್ರೆಯ ಅರಗು ಮಾಡಲು ಹುಟ್ಟಿದ ಕಾರ್ಖಾನೆ ಇದು. ಈಗ ಕಂಪನಿಯ ಹೆಸರಿನಲ್ಲಿ ಅರಗು ಇಲ್ಲ. 1989ರಲ್ಲಿ ಹೆಸರು ಬದಲಾಯಿತು.

ಶಾಯಿ ಬಂದದ್ದು ಆಮೇಲೆ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 1962ರ ಮಹಾಚುನಾವಣೆಯಿಂದ ಮೈಸೂರಿನ ಶಾಯಿ ಬಳಕೆಗೆ ಬಂತು. ಒಬ್ಬರೇ ಎರಡು ಸಲ ಓಟು ಹಾಕುವುದನ್ನು ತಡೆಯಬೇಕಿತ್ತು. ಕೋಟಿಗಟ್ಟಲೆ ಜನರಿಗೆ ಗುರುತಿನ ಚೀಟಿ ಇಲ್ಲದ ಕಾಲ ಅದು.

ಪೂರ್ತಿ ಸೂತ್ರ ಗುಟ್ಟು. ಒಳಗಿರುವ ಮುಖ್ಯ ವಸ್ತು ಮಾತ್ರ ಎಲ್ಲರಿಗೂ ಗೊತ್ತು, ಸಿಲ್ವರ್ ನೈಟ್ರೇಟ್. ಅಂದರೆ ಬೆಳ್ಳಿಯ ಲವಣ. ನಮ್ಮ ಚರ್ಮದಲ್ಲಿ ಬೆವರಿನ ಉಪ್ಪು ಇರುತ್ತದಲ್ಲ, ಅದರ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ನೀರಿಗೆ ಕರಗುವುದಿಲ್ಲ. ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ. ಹಾಗಾಗಿಯೇ ಮತಗಟ್ಟೆಯಿಂದ ಹೊರಗೆ ಬರುವಾಗ ನೇರಳೆ ಬಣ್ಣವಿದ್ದದ್ದು ಮನೆ ಮುಟ್ಟುವ ಹೊತ್ತಿಗೆ ಕಪ್ಪಾಗಿರುತ್ತದೆ. ಶಾಯಿ ತುಂಬುವ ಬಾಟಲಿ ಗಾಢ ಬಣ್ಣದ್ದಾಗಿರುವುದೂ ಬೆಳಕು ತಾಗಬಾರದು ಅಂತಲೇ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಹಳೇ ಚರ್ಮ ಉದುರಿ ಹೊಸದು ಬರಬೇಕು, ಉಗುರು ಬೆಳೆದು ಮುಂದಕ್ಕೆ ಹೋಗಬೇಕು.

ಹಳೇ ಫೋಟೋ ನೋಡಿದರೆ ಶಾಯಿ ಉಗುರಿನ ಬುಡದಲ್ಲಿ ಒಂದು ಚುಕ್ಕೆಯಾಗಿರುತ್ತಿತ್ತು. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಉದ್ದ ಗೆರೆ ಎಳೆಯುವ ಕ್ರಮ 2006ರಿಂದ. 10 ಮಿಲಿಲೀಟರಿನ ಒಂದು ಪುಟ್ಟ ಬಾಟಲಿಯಲ್ಲಿ ಸುಮಾರು 700 ಜನರ ಬೆರಳಿಗೆ ಹಚ್ಚಬಹುದು.

ಗೇಟಿನ ಎದುರು ಅಮ್ಮ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು. "ಬೆಳ್ಳಿ ಅಂದೆಯಲ್ಲಾ?" ಅಂತ ಎರಡು ಸಲ ಕೇಳಿದಳು. ಆಮೇಲೆ, "ನಮ್ಮತ್ತೆ ಒಂದೇ ಒಂದು ಸಲ ಓಟು ತಪ್ಪಿಸಿದ್ದಲ್ಲ. ಅವರಿಗೆ ಇದು ಗೊತ್ತಿದ್ರೆ ಎಷ್ಟು ಖುಷಿ ಪಡ್ತಿದ್ರು" ಅಂದಳು. ಅರಮನೆಗೆ ಹೋಗುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಆ ಸಂಜೆ ಸುಮ್ನೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದೆವು.

ಐದನೇ ದಿನ: ಘಟ್ಟ ಇಳಿದದ್ದು

ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು. ಕೊಡಗಿನಲ್ಲಿ ಕಾಫಿ ಹೂ ಬಿಟ್ಟಿತ್ತು. ಕಿಟಕಿ ಇಳಿಸಿದರೆ ಮಲ್ಲಿಗೆಯಂಥದ್ದೇ ಪರಿಮಳ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನುವ ಕಥೆ ಎಲ್ಲರಿಗೂ ಗೊತ್ತಿರುವುದೇ. ಮೊಳಕೆ ಬರುವ ಹಸಿ ಬೀಜವನ್ನು ಹೊರಗೆ ಬಿಡದೆ ಕಾಯುತ್ತಿದ್ದ ಕಾಲದಲ್ಲಿ ತಂದದ್ದು. ಆ ಏಳು ಬೀಜದ ನೆನಪಿನಲ್ಲಿ ರಸ್ತೆ ಬದಿಯಲ್ಲಿ ಎರಡು ಲೋಟ ಕಾಫಿ ಕುಡಿದು ಇಳಿದೆವು.

ಸುಳ್ಯ ದಾಟುತ್ತಿದ್ದ ಹಾಗೆ ಅಮ್ಮ ಮನೆಗಳ ಮಾಡು ಎಣಿಸಲು ಶುರು ಮಾಡಿದಳು. ಹಂಚು, ಹಂಚು, ತಾರಸಿ, ತಗಡು, ಹಂಚು.

ಆರನೇ ದಿನ: ಮಂಗಳೂರು

ಬೆಳಗ್ಗೆ ಬಲ್ಮಠದ ಗುಡ್ಡಕ್ಕೆ ಹೋದೆವು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಮುದ್ರಣಾಲಯ 1841ರಲ್ಲಿ ಶುರುವಾಗಿದ್ದು ಈ ಊರಿನಲ್ಲಿ. ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಹಂಚಿಗೂ ಅಚ್ಚುಕೂಟಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಒಬ್ಬ ಮನುಷ್ಯ. ಜಾರ್ಜ್ ಪ್ಲೆಬ್‌ಸ್ಟ್. ಮುದ್ರಣಾಲಯದ ಕೆಲಸಕ್ಕೆ ಜರ್ಮನಿಯಿಂದ ಬಂದ ಯಂತ್ರಗಾರ ಅವರು.

ಮಿಷನ್ ಸೇರಿದವರಲ್ಲಿ ಎಷ್ಟೋ ಜನ ತಮ್ಮ ಜಾತಿಯ ನೆಂಟು ಕಳೆದುಕೊಂಡಿದ್ದರು. ಹಳೇ ಕಸುಬೂ ಕೈಬಿಟ್ಟು ಹೋಗಿತ್ತು. ಅವರಿಗೆ ದುಡಿಮೆ ಬೇಕಿತ್ತು. ನೇಯ್ಗೆ ಶುರು ಮಾಡಿದರು, ಬುಕ್ ಬೈಂಡಿಂಗ್ ಕಲಿಸಿದರು. ಪ್ಲೆಬ್‌ಸ್ಟ್ ಅವರ ಕಣ್ಣಿಗೆ ಬಿದ್ದದ್ದು ಹೊಳೆಯ ಬದಿಯ ಜೇಡಿಮಣ್ಣು. ಕರಾವಳಿಯ ಮಳೆಗೆ ಜನ ಹುಲ್ಲು, ಸೋಗೆ ಹೊದಿಸುತ್ತಿದ್ದರು. ಪ್ರತಿ ವರ್ಷ ಹೊಸದಾಗಿ ಹೊದಿಸಬೇಕು, ಬೆಂಕಿಯ ಭಯ ಬೇರೆ. ನಾಡಹಂಚು ಇತ್ತು, ಆದರೆ ಅದು ಸುಮ್ನೆ ಒಂದರ ಮೇಲೊಂದು ಕೂರುವಂಥದ್ದು, ಮಂಗ ಓಡಿದರೆ ಸಾಕು ಜಾರುತ್ತದೆ. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಹತ್ತಿರ, ಹಂಚಿನ ಕಾರ್ಖಾನೆ ಶುರುವಾಯಿತು.

ಈ ಹಂಚಿನ ಗುಟ್ಟು ಅದರ ಅಂಚಿನಲ್ಲಿದೆ. ಒಂದು ಬದಿಗೆ ಗಾಡಿ, ಅಂದರೆ ಉದ್ದ ತೋಡು. ಇನ್ನೊಂದು ಬದಿಗೆ ಏಣು. ಒಂದು ಹಂಚಿನ ಏಣು ಪಕ್ಕದ್ದರ ಗಾಡಿಯೊಳಗೆ ಕೂರುತ್ತದೆ. ಕೆಳಗಿನ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮೊಳೆ ಬೇಡ, ಗಾರೆ ಬೇಡ. ಎರಡು, ಎರಡೂವರೆ ಕಿಲೋ ತೂಕದ ಮಣ್ಣಿನ ತುಂಡುಗಳು ಒಂದರ ಕೈ ಒಂದು ಹಿಡಿದು ಮಳೆಗಾಲ ಕಳೆಯುತ್ತವೆ. ಒಡೆದರೆ ಒಂದನ್ನೇ ಎತ್ತಿ ಬದಲಾಯಿಸಬಹುದು. ಇಂಥ ಒಂದಕ್ಕೊಂದು ಸಿಕ್ಕಿಕೊಳ್ಳುವ ಹಂಚನ್ನು 1841ರಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ಪೇಟೆಂಟ್ ಮಾಡಿಸಿದ್ದರು. ಇಲ್ಲಿಯ ಮಣ್ಣಿನಲ್ಲಿ ಅದು ನಮ್ಮದೇ ಆಯಿತು. 1868ರಲ್ಲೇ ಆಲ್ಬುಕರ್ಕ್ ಮನೆತನದವರು ತಮ್ಮ ಕಾರ್ಖಾನೆ ತೆರೆದರು. ಆಮೇಲೆ ಹೊಳೆ ಬದಿಯುದ್ದಕ್ಕೂ ಚಿಮಣಿಗಳು ಎದ್ದವು.

ಪೊಲೀಸರ ಖಾಕಿ ಬಣ್ಣವೂ ಇದೇ ಮಿಷನ್ನಿನ ನೇಯ್ಗೆ ಮನೆಯಲ್ಲಿ ಹುಟ್ಟಿತು ಅಂತ ಮಂಗಳೂರಿನಲ್ಲಿ ಅನೇಕರು ಅಭಿಮಾನದಿಂದ ಹೇಳುತ್ತಾರೆ. ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಅವರ ಗೈಡ್ಸ್ ದಳ 1840ರ ದಶಕದ ಕೊನೆಯಲ್ಲೇ ಮಣ್ಣುಬಣ್ಣದ ಬಟ್ಟೆ ತೊಟ್ಟಿತ್ತು. ಖಾಕ್ ಅಂದರೆ ಧೂಳು, ಪದ ಉತ್ತರದ್ದೇ. ಹಾಗಾಗಿ ಖಾಕಿಯ ಕೀರ್ತಿಯನ್ನು ನಾನು ಮಂಗಳೂರಿಗೆ ಪೂರ್ತಿ ಕೊಡಲಾರೆ. ಹಂಚಿನ ಕೀರ್ತಿ ಸಾಕಷ್ಟಾಯಿತು.

ಜೆಪ್ಪು ಕಡೆ ವಿಚಾರಿಸುತ್ತಾ ಹೋದಾಗ ಒಬ್ಬರು ಹಿರಿಯರು ಸಿಕ್ಕಿದರು. ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅಮ್ಮ ಡಿಕ್ಕಿಯಿಂದ ಟವೆಲ್ ಸಮೇತ ಹಂಚು ತಂದು ಅವರ ಜಗಲಿಯ ಮೇಲಿಟ್ಟಳು. ಅವರು ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿದರು. ಠಣ್ ಅಂತು. "ಒಳ್ಳೆ ಬೆಂದದ್ದು" ಅಂದರು. ಆಮೇಲೆ ಮಗುಚಿದರು.

"ನಮ್ಮ ಮನೆ ಆ ವರ್ಷದ್ದೇ" ಅಂದಳು ಅಮ್ಮ, 1865ರ ಮೇಲೆ ಬೆರಳಿಟ್ಟು.

"ಅಲ್ಲ ಅಮ್ಮ, ಇದು ಕಾರ್ಖಾನೆ ಶುರುವಾದ ವರ್ಷ. ಎಲ್ಲ ಹಂಚಿಗೂ ಅದೇ ಉಂಟು. ಆದ್ರೆ ಬಾಸೆಲ್ ಮಿಷನ್ ಅಂತ ಹೆಸರು ಉಂಟಲ್ಲ, ಹಾಗಾಗಿ ದೊಡ್ಡ ಯುದ್ಧಕ್ಕಿಂತ ಮುಂಚಿನದ್ದು. ಯುದ್ಧದಲ್ಲಿ ಬ್ರಿಟಿಷರು ಇದನ್ನು ಜರ್ಮನಿಯವರದ್ದು ಅಂತ ತೆಗೊಂಡ್ರು. ಮತ್ತೆ ಕಾಮನ್‌ವೆಲ್ತ್ ಅಂತ ಆಯ್ತು."

1914ರ ಯುದ್ಧ. ಮೈಸೂರಿನಲ್ಲಿ ಗಂಧದ ಕೊರಡು ನಿಲ್ಲಿಸಿ ಸೋಪು ಹುಟ್ಟಿಸಿದ ಅದೇ ಯುದ್ಧ ಇಲ್ಲಿ ಹಂಚಿನ ಮೇಲಿನ ಹೆಸರನ್ನು ಅಳಿಸಿತ್ತು. ಬಚ್ಚಲುಮನೆಯ ಸೋಪಿನ ಪೊಟ್ಟಣವೂ ಅಡುಗೆಮನೆಯ ಮೇಲಿನ ಹಂಚೂ ಹೀಗೆ ನೆಂಟರು ಅಂತ ಯಾರಿಗೆ ಗೊತ್ತಿತ್ತು?

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇಸರವಾಯಿತೇನೋ ಅಂದುಕೊಂಡೆ. ಅವಳು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. "ನಮ್ಮತ್ತೆಯ ಅತ್ತೆ ಮದುವೆಯಾಗಿ ಬಂದಾಗ ಮನೆ ಹುಲ್ಲಿನದ್ದು. ಮೊದಲ ಬಾಣಂತನದ ಹೊತ್ತಿಗೆ ಹಂಚು ಬಂತು, ಎತ್ತಿನ ಗಾಡಿಯಲ್ಲಿ ಆಗುಂಬೆ ಘಾಟಿ ಹತ್ತಿಸಿ ತಂದ್ರು ಅಂತ ಅತ್ತೆ ಹೇಳ್ತಿದ್ರು" ಅಂದಳು. ಆ ಮಗುವೇ ನಮ್ಮ ಅಜ್ಜ. ಅಜ್ಜ ಹುಟ್ಟಿದ್ದು 1911ರಲ್ಲಿ. ಈ ಮಾತು ಅವಳು ಅದಕ್ಕೂ ಮುಂಚೆ ನಮ್ಮ ಮುಂದೆ ಆಡಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಹೊರಡುವಾಗ ಆ ಹಿರಿಯರು ಹಂಚಿನ ಒಂದು ಮೂಲೆ ತೋರಿಸಿದರು. ಅಲ್ಲಿ ಮೂರು ಸಣ್ಣ ಗುಳಿಗಳಿದ್ದವು. "ಹಸಿ ಇರುವಾಗ ಎತ್ತಿದವರ ಬೆರಳು. ನಮ್ಮ ಕಾಲದಲ್ಲಿ ಹಸಿ ಹಂಚು ಹೊರುವ ಕೆಲಸ ಹೆಚ್ಚು ಹೆಂಗಸರದ್ದೇ." ಅಮ್ಮ ತನ್ನ ಬೆರಳುಗಳನ್ನು ಆ ಗುಳಿಗಳಲ್ಲಿ ಇಟ್ಟು ನೋಡಿದಳು. ತೋರುಬೆರಳಿನ ಉಗುರಿನಲ್ಲಿ ಆ ಕಪ್ಪು ಪಟ್ಟಿ ಇನ್ನೂ ಇತ್ತು.

ಮಾರನೇ ದಿನ ಉಡುಪಿ, ಹೆಬ್ರಿ ಮೇಲೆ ಆಗುಂಬೆ ಘಾಟಿ ಹತ್ತಿ ಮನೆಗೆ ಬಂದೆವು. ಅಂಗಳದಲ್ಲಿ ಹಂಚು ಕೊಳ್ಳುವವರು ಬಂದು ದರ ಮಾತಾಡುತ್ತಿದ್ದರು. ಅಮ್ಮ ಕಾಲು ತೊಳೆಯುವ ಮುಂಚೆಯೇ ತಮ್ಮನನ್ನು ಕರೆದು, ಕೊಟ್ಟಿಗೆಗೆ ತಗಡು ಬೇಡ, ಇದನ್ನೇ ಹೊದಿಸು ಅಂದಳು. ಒಳ್ಳೆಯ ಹಂಚು ಆರಿಸಲು ಎರಡು ದಿನ ಹಿಡಿಯಿತು. ಒಂದೊಂದನ್ನೂ ಅವಳು ತಟ್ಟಿ ನೋಡಿದಳು, ಠಣ್ ಅಂದದ್ದನ್ನು ಮಾತ್ರ ಒಳಗೆ ಕಳಿಸಿದಳು. ಮಂಗಳೂರಿಗೆ ಹೋಗಿ ಬಂದ ಹಂಚು, ಈಗ ಹಾಲು ಕರೆಯಲು ಕೂರುವ ಜಾಗದ ನೇರ ಮೇಲಿದೆ. ತಲೆ ಎತ್ತಿದರೆ ಅಕ್ಷರ ಕಾಣುತ್ತದೆ.